ಅಚ್ಚಿನ ಮಾತ್ರೆ

ಗೋಡೆಯಾಚೆ ಟಕ್ ಎಂದಿತು. ಅಕ್ಕನ ತಗಡಿನ ಡಬ್ಬಿಯ ಮುಚ್ಚಳ. ಆಮೇಲೆ ಪಿಂಗಾಣಿ ತಟ್ಟೆಗೆ ಮಾತ್ರೆ ಉದುರುವ ಸದ್ದು, ಅಕ್ಕಿಕಾಳು ಬಿದ್ದಷ್ಟೇ ಸಣ್ಣದು: ಒಂದು, ಎರಡು, ಮೂರು. ರಾತ್ರಿ ಹನ್ನೊಂದೂವರೆ. ತಂಗಿ ಹೊದಿಕೆಯೊಳಗೆ ಬೆರಳು ಮಡಿಚುತ್ತ ಕಾದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಮುಗಿಯಿತೇನೋ ಅಂದುಕೊಳ್ಳುವಷ್ಟರಲ್ಲಿ ಇನ್ನೊಂದು ಬಿತ್ತು. ನಾಲ್ಕು.

ಹೋದ ವರ್ಷ ಇದೇ ಹೊತ್ತಿಗೆ ಒಂದೇ ಇತ್ತು. ಬೇಸಿಗೆಯಲ್ಲಿ ಎರಡಾಯಿತು. ಎರಡು ಮೂರಾದದ್ದು ಯಾವಾಗ ಎಂದು ತಂಗಿಗೆ ನೆನಪಿದೆ, ಅವತ್ತು ಕಟ್ಟಡಕ್ಕೆಲ್ಲ ನೀರು ಬಂದಿರಲಿಲ್ಲ. ಅಕ್ಕನಿಗೆ ಅದೊಂದೂ ನೆನಪಿಲ್ಲ. ತಾನು ಮೊದಲಿನಿಂದಲೂ ಇಷ್ಟೇ ನುಂಗುತ್ತಿದ್ದೇನೆ ಎಂದು ಅವಳ ನಂಬಿಕೆ.

ಮೂರನೇ ಮಹಡಿಯ ಎರಡು ಕೋಣೆಗಳಲ್ಲಿ ಇವರಿಬ್ಬರೇ. ಅಕ್ಕನಿಗೆ ಐವತ್ತೆರಡು, ತಂಗಿಗೆ ನಲವತ್ತೊಂದು. ಅಮ್ಮ ಹೋದಾಗ ತಂಗಿ ಇನ್ನೂ ಲಂಗ ಹಾಕುವ ಹುಡುಗಿ; ಆಮೇಲೆ ಅಕ್ಕನೇ ಅಮ್ಮನಾದಳು, ಬಯ್ಯುವುದರಲ್ಲೂ. ಅಕ್ಕ ಕೋರ್ಟಿನಲ್ಲಿ ಟೈಪಿಸ್ಟ್. ಸಾಕ್ಷಿ ಹೇಳಿದ್ದನ್ನು ಹೇಳಿದ ಹಾಗೆಯೇ ಇಳಿಸುವ ಕೆಲಸ, ಇಪ್ಪತ್ತೆಂಟು ವರ್ಷ. ಎರಡು ವರ್ಷದ ಹಿಂದೆ ಅದೇ ಕೋರ್ಟಿನ ಮೆಟ್ಟಿಲ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ನೋವಿನಲ್ಲಿ ನಿದ್ದೆ ಬರಲೆಂದು ಆರು ವಾರಕ್ಕೆ ಒಂದು ಮಾತ್ರೆ ಬರೆದುಕೊಟ್ಟರು. ಮೂಳೆ ಕೂಡಿಕೊಂಡಿತು, ನೋವು ಹೋಯಿತು, ಮಾತ್ರೆ ಉಳಿಯಿತು. ಔಷಧಿ ಅಂಗಡಿಯವನು ದೊಡ್ಡ ಡಬ್ಬದಿಂದ ಬಿಡಿಬಿಡಿಯಾಗಿ ಎಣಿಸಿ ಪೊಟ್ಟಣ ಕಟ್ಟಿ ಕೊಡುತ್ತಿದ್ದ. ಚೀಟಿ ಕೇಳುತ್ತಿರಲಿಲ್ಲ. ಹಳೇ ಗಿರಾಕಿ, ಮರ್ಯಾದಸ್ತ ಹೆಂಗಸು, ಕೋರ್ಟಿನವರು ಬೇರೆ.

ಒಮ್ಮೆ ಅವನ ಅಂಗಡಿ ಮೂರು ದಿನ ಮುಚ್ಚಿತ್ತು. ಎರಡನೇ ದಿನ ಅಕ್ಕ ಬೆವರಿ ತೊಪ್ಪೆಯಾದಳು. ಚಹಾ ಲೋಟ ಹಿಡಿದರೆ ಚಹಾ ತುಳುಕಿ ಮುಂಗೈ ಮೇಲೆ ಹರಿಯುತ್ತಿತ್ತು. ಚರ್ಮದ ಕೆಳಗೆ ಇರುವೆ ಹರಿದಾಡುತ್ತಿವೆ ಅಂದಳು, ದೀಪ ಆರಿಸು ಅಂದಳು, ಆರಿಸಿದ್ದಕ್ಕೆ ಸೌಟು ಬೀಸಿ ಎಸೆದಳು. ಅದು ತಂಗಿಯ ಕಿವಿ ಸವರಿಕೊಂಡು ಹೋಗಿ ಕಿಟಕಿಗೆ ತಗುಲಿತು. ಮೂರನೇ ದಿನ ಸಂಜೆ ಅಂಗಡಿ ತೆರೆಯಿತು. ರಾತ್ರಿ ಅಕ್ಕ ಮಗುವಿನಂತೆ ಮಲಗಿದಳು.

ಮಾರನೇ ದಿನ ತಂಗಿ ಅಕ್ಕನಿಗೆ ತಿಳಿಸದೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಸರದಿಯಲ್ಲಿ ನಿಂತಳು. ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡರು.

"ಇದು ಅವರ ಕೆಟ್ಟ ಗುಣ ಅಲ್ಲಮ್ಮ," ಅಂದರು. "ಮೈ ಒಗ್ಗಿಹೋಗಿದೆ. ಒಂದು ಮಾತ್ರೆ ಮಾಡ್ತಿದ್ದ ಕೆಲಸಕ್ಕೆ ಈಗ ನಾಲ್ಕು ಬೇಕು. ಆ ನಾಲ್ಕನ್ನ ಮೈ ಮನೆಯವರಲ್ಲಿ ಒಬ್ಬರು ಅಂತ ಸೇರಿಸ್ಕೊಂಡುಬಿಟ್ಟಿದೆ. ತಟ್ಟನೆ ಹೊರಗೆ ಹಾಕಿದ್ರೆ ರಂಪ ಮಾಡತ್ತೆ. ಫಿಟ್ಸ್ ಬಂದು ಪ್ರಾಣಕ್ಕೂ ಕುತ್ತಾಗಬಹುದು. ಹೇಗೆ ಹತ್ತಿದ್ರೋ ಹಾಗೇ ಒಂದೊಂದೇ ಮೆಟ್ಟಿಲು ಇಳೀಬೇಕು. ತಿಂಗಳುಗಟ್ಟಲೆ ಹಿಡಿಯತ್ತೆ. ಕರ್ಕೊಂಡು ಬನ್ನಿ."

"ಅವಳು ಬರಲ್ಲ. ಅವಳಿಗೆ ಗೊತ್ತಿಲ್ಲದ ಹಾಗೆ ಇಳಿಸಬಹುದಾ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಇಳಿಯೋರು ಕಣ್ಣು ಬಿಟ್ಕೊಂಡೇ ಇಳೀಬೇಕು. ಇಲ್ಲಾಂದ್ರೆ ಕಾಲೆಲ್ಲಿದೆ ಅಂತ ಅವರಿಗೆ ಗೊತ್ತಾಗಲ್ಲ."

ಅಕ್ಕ ಬರಲಿಲ್ಲ. "ನಾನೇನು ಗಾಂಜಾ ಸೇದ್ತೀನಾ? ಕುಡಿದು ಬೀದೀಲಿ ಬಿದ್ದಿದೀನಾ? ದುಡಿದು ಸುಸ್ತಾಗಿ ಬಂದು ನಿದ್ದೆಗೆ ಮಾತ್ರೆ ತಗೊಂಡ್ರೆ ಅದಕ್ಕೂ ಚಟ ಅಂತ ಹೆಸರಾ? ನೀನು ನಿನ್ನ ಹಲ್ಲು ನೋಡ್ಕೊಳೇ, ಇಲಿಮರಿ."

ಇಲಿಮರಿ ಎಂದು ಕರೆಯುವುದು ಅಕ್ಕ ಮಾತ್ರ. ತಂಗಿ ಕಟ್ಟುಹಲ್ಲು ಮಾಡುವ ಕಾರ್ಖಾನೆಯಲ್ಲಿದ್ದಾಳೆ. ಕಾರ್ಖಾನೆ ಎಂದರೆ ಒಂದು ಉದ್ದನೆಯ ಕೋಣೆ, ಎರಡು ಮೇಜು, ಒಬ್ಬ ಮೇಸ್ತ್ರಿ, ಒಬ್ಬಳು ಇವಳು. ಊರಿನ ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ; ಇವರು ಮೇಣದಲ್ಲಿ ಹಲ್ಲು ಕೂರಿಸಿ, ಗಾರೆ ಹೊಯ್ದು, ಬೇಯಿಸಿ, ದಿನವೆಲ್ಲ ಕರಕರ ಎಂದು ಅರದಿಂದ ಉಜ್ಜಿ ಕಳಿಸುತ್ತಾರೆ. ಹದಿನೆಂಟು ವರ್ಷದಲ್ಲಿ ತಂಗಿಯ ಕಣ್ಣಿಗೆ ಬಿಳಿ ಎನ್ನುವುದು ಒಂದು ಬಣ್ಣವಾಗಿ ಉಳಿದಿಲ್ಲ. ಹೊಗೆಸೊಪ್ಪಿನ ಬಿಳಿ, ಹಾಲುಹಲ್ಲಿನ ಬಿಳಿ, ಸತ್ತ ಹಲ್ಲಿನ ಬೂದು ಬಿಳಿ, ಎಲ್ಲವನ್ನೂ ಅವಳು ಬೆಳಕಿಲ್ಲದೆಯೂ ಹೊಂದಿಸಬಲ್ಲಳು. "ಇವಳು ಮಾಡಿದ ಹಲ್ಲು ಹಾಕ್ಕೊಂಡೋರು ಕಟ್ಟಿದ್ದು ಅನ್ನೋದೇ ಮರ್ತು ಬಾಯೊಳಗೇ ಬ್ರಷ್ ಮಾಡ್ಕೊಂಡ್ರಂತೆ," ಎಂದು ಮೇಸ್ತ್ರಿ ಬಂದವರಿಗೆಲ್ಲ ಹೇಳುತ್ತಾನೆ.

ಅಕ್ಕನ ಕೆಲಸ ಮಾತ್ರ ದಿನದಿನಕ್ಕೆ ಕೆಡುತ್ತಿತ್ತು. ಒಬ್ಬ ಸಾಕ್ಷಿಯ ಅರ್ಧ ಪುಟ ಹೇಳಿಕೆಯೇ ಕಾಗದದಲ್ಲಿ ಇರಲಿಲ್ಲ. ಅಕ್ಕ ಕೀಲಿಗಳ ಮೇಲೆ ಬೆರಳಿಟ್ಟುಕೊಂಡೇ ತೂಕಡಿಸಿದ್ದಳು. ನ್ಯಾಯಾಧೀಶರು ಇನ್ನೊಮ್ಮೆ ಹೀಗಾದರೆ ಮನೆಗೆ ಕಳಿಸುತ್ತೇನೆ ಅಂದರೆಂದು ಹೆಡ್ ಕ್ಲರ್ಕ್ ಫೋನ್ ಮಾಡಿ ತಂಗಿಗೆ ಹೇಳಿದ. ಸಂಜೆ ಅಕ್ಕ ಮನೆಗೆ ಬಂದು ಅದರ ಬಗ್ಗೆ ತುಟಿ ಎರಡು ಮಾಡಲಿಲ್ಲ. ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಚಾಕುವನ್ನು ಅಲ್ಲೇ ನಿಲ್ಲಿಸಿ ಗೋಡೆ ನೋಡುತ್ತ ಕೂತಳು. ನಗುವುದನ್ನೂ ಬಿಟ್ಟಿದ್ದಳು, ಅಳುವುದನ್ನೂ. ಜಗಳಕ್ಕಾದರೂ ಬರಲಿ ಎಂದು ತಂಗಿ ಕೆಣಕಿದರೆ "ಹೂಂ" ಎನ್ನುತ್ತಿದ್ದಳು. ಎದುರಿಗೆ ಕೂತವಳು ದೂರದ ರಸ್ತೆಯಲ್ಲಿ ಹೋಗುತ್ತಿರುವಂತೆ ಕಾಣುತ್ತಿದ್ದಳು.

ಆ ವಾರ ತಂಗಿ ಅಕ್ಕನ ಡಬ್ಬಿಯಿಂದ ಒಂದು ಮಾತ್ರೆ ಕದ್ದು ಮೇಜಿನ ದೀಪದಡಿ ಇಟ್ಟು ನೋಡಿದಳು. ದುಂಡಗೆ, ನಡುವೆ ಒಂದು ಗೀರು, ಅಂಚು ಸ್ವಲ್ಪ ಸವೆದದ್ದು. ಹಾಲುಹಲ್ಲಿಗಿಂತ ಅರ್ಧ ಪಾಲು ಹಳದಿ ಜಾಸ್ತಿ. ಅದಕ್ಕಿಂತ ಕಷ್ಟದ್ದನ್ನು ಅವಳು ದಿನಾ ಮಾಡುತ್ತಿದ್ದಳು.

ಮೇಸ್ತ್ರಿ ಊಟಕ್ಕೆ ಹೋದಾಗ ರಬ್ಬರಿನ ಅಚ್ಚು ತೆಗೆದಳು. ಡಬ್ಬಿಯಿಂದ ದಿನಕ್ಕೊಂದೆರಡು ಕದ್ದು ಕೂಡಿಟ್ಟ ಅಸಲಿ ಮಾತ್ರೆಗಳನ್ನು ಅರೆದು, ಅದಕ್ಕೆ ಸಕ್ಕರೆಪುಡಿಯನ್ನೂ ಹಿಟ್ಟನ್ನೂ ಬೆರೆಸಿ, ಅಚ್ಚಿನಲ್ಲಿ ಒತ್ತಿ ಒಣಗಿಸಿದಳು. ಮೊದಲ ಸಲದ್ದು ಪುಡಿಯಾಯಿತು. ಎರಡನೆಯದು ಹೊಳೆಯಿತು, ಅಸಲಿ ಹೊಳೆಯುತ್ತಿರಲಿಲ್ಲ. ಆರನೆಯದನ್ನು ಅಸಲಿಯ ಪಕ್ಕದಲ್ಲಿಟ್ಟು, ಕಣ್ಣು ಮುಚ್ಚಿ ಎರಡನ್ನೂ ಅದಲುಬದಲು ಮಾಡಿ, ಕಣ್ಣು ಬಿಟ್ಟಳು. ಯಾವುದು ಯಾವುದೆಂದು ತನಗೇ ತಿಳಿಯಲಿಲ್ಲ. ಕೊನೆಗೆ ನಾಲಗೆಗೆ ತಾಗಿಸಿ ನೋಡಬೇಕಾಯಿತು. ನಕಲಿಗೂ ಅದೇ ಕಹಿ ಬರುವಂತೆ ಒಂದು ದಾರಿ ಹುಡುಕಿದಳು.

ಅಕ್ಕ ಹದಿನೈದು ದಿನಕ್ಕೊಮ್ಮೆ, ಶನಿವಾರ ಸಂಜೆ, ಪೊಟ್ಟಣ ತರುತ್ತಿದ್ದಳು. ತಂದವಳು ಅದನ್ನು ದಿಂಬಿನಡಿ ಇಟ್ಟು ಸ್ನಾನಕ್ಕೆ ಹೋಗುತ್ತಿದ್ದಳು, ತಪ್ಪುತ್ತಿರಲಿಲ್ಲ. ನೀರಿನ ಸದ್ದು ಶುರುವಾಗಿ ನಿಲ್ಲುವುದರೊಳಗೆ ತಂಗಿ ಪೊಟ್ಟಣ ಬಿಚ್ಚಿ, ಅಸಲಿಯನ್ನು ಮುಂದಿನ ಸಲ ಅರೆಯಲು ತೆಗೆದುಕೊಂಡು, ತನ್ನವನ್ನಿಟ್ಟು, ಅದೇ ಮಡಿಕೆಯಲ್ಲಿ ಮಡಿಚಿ ಇಡುತ್ತಿದ್ದಳು. ಮೊದಲ ಸಲ ಹತ್ತರಲ್ಲಿ ಒಂದು ಪಾಲು ಹಿಟ್ಟು. ಆಮೇಲೆ ಎರಡು. ಒಂದೊಂದೇ ಮೆಟ್ಟಿಲು. ಡಾಕ್ಟರಮ್ಮ ಹೇಳಿದ್ದರಲ್ಲಿ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅವಳು ಚಾಚೂ ತಪ್ಪದೆ ಪಾಲಿಸಿದಳು.

ಎರಡು ತಿಂಗಳಿಗೆ ಅಕ್ಕ ಒಂದು ದಿನ ಬೆಳಿಗ್ಗೆ ಚಹಾ ಕುಡಿದು, "ಇದೇನೇ, ಕಾಲು ತೊಳೆದ ನೀರಾ?" ಅಂದಳು. ತಂಗಿಯ ಎದೆ ಹಗುರಾಯಿತು. ಚಹಾ ವರ್ಷದಿಂದ ಹಾಗೆಯೇ ಇತ್ತು. ರುಚಿ ತಿಳಿದದ್ದು ಅವತ್ತು. ಆಮೇಲೆ ಅಕ್ಕ ಪಕ್ಕದ ಮನೆಯವಳ ನಡಿಗೆ ಮಾಡಿ ತೋರಿಸಿದಳು. ಕೋರ್ಟಿನಲ್ಲಿ ಒಬ್ಬ ವಕೀಲ ತನ್ನ ಕಕ್ಷಿದಾರನ ಹೆಸರೇ ಮರೆತದ್ದನ್ನು ಹೇಳುತ್ತ ಅವಳು ನಗುವಾಗ, ತಂಗಿ ತಟ್ಟೆ ತೊಳೆಯುತ್ತ ಅವಳ ಕಡೆ ಬೆನ್ನು ಮಾಡಿ ನಿಂತಿದ್ದಳು. ಮುಖ ನೋಡಿದರೆ ಎಲ್ಲಿ ಬಾಯಿ ಬಿಡುತ್ತೇನೋ ಎಂದು.

ಆದರೆ ಗೋಡೆಯಾಚೆ ಎಣಿಕೆ ಏರಿತು. ಐದು. ಆಮೇಲೆ ಆರು. ಮಾತ್ರೆ ಸಾಲುತ್ತಿಲ್ಲವೆಂದು ಮೈ ಕೇಳುತ್ತಿತ್ತು, ಅಕ್ಕ ಕೊಡುತ್ತಿದ್ದಳು. ತಂಗಿ ಹೊದಿಕೆಯೊಳಗೆ ಗುಣಾಕಾರ ಮಾಡಿದಳು. ಅರ್ಧ ಬಲದ ಆರು ಅಂದರೆ ಅಸಲಿ ಮೂರು. ನಾಲ್ಕಕ್ಕಿಂತ ಮೂರು ಕಡಿಮೆಯೇ. ಇನ್ನೂ ಇಳಿಸಿದಳು. ಎಂಟು ಬಿದ್ದ ರಾತ್ರಿ ಅವು ಕಾಲು ಬಲದವು. ಅಸಲಿ ಎರಡು. ಗೆಲ್ಲುತ್ತಿದ್ದೇನೆ ಅಂದುಕೊಂಡು ಮಗ್ಗುಲಾದಳು. ಈಚೆಗೆ ಈ ಎಣಿಕೆ ಮುಗಿಯದೆ ಅವಳಿಗೂ ನಿದ್ದೆ ಹತ್ತುತ್ತಿರಲಿಲ್ಲ.

ಒಂದು ಭಾನುವಾರ ಅಕ್ಕ ತಾನಾಗಿಯೇ ಬಂದು ತಂಗಿಯ ಮಂಚದ ಅಂಚಿಗೆ ಕೂತಳು. ಹಾಗೆ ಕೂತು ಯಾವ ಕಾಲವಾಗಿತ್ತೋ.

"ಇಲಿಮರಿ, ನಿಂಗೊಂದು ಹೇಳಲಾ? ಬಯ್ಯಬಾರದು."

"ಹೇಳು."

"ಎಂಟಾಗಿದೆ ಕಣೇ." ಅಕ್ಕ ತನ್ನ ಕೈ ನೋಡಿಕೊಂಡಳು. "ಮೊದಲು ನಾಲ್ಕಿತ್ತು. ಅದೂ ಸುಳ್ಳು ಹೇಳಿದ್ದೆ ನಿಂಗೆ, ಎರಡು ಅಂತ. ಹಗಲೆಲ್ಲ ಚೆನ್ನಾಗೇ ಇರ್ತೀನಿ, ರಾತ್ರಿ ಆದ್ರೆ ಕೈ ತಾನೇ ಹೋಗತ್ತೆ. ಎಂಟು ನುಂಗಿದ್ರೂ ಏನೂ ಆಗಲ್ಲ. ನಾನು ಕೆಟ್ಟುಹೋದೆ ಅನ್ಸತ್ತೆ. ನೀನು ಹೇಳಿದ್ದೇ ನಿಜ. ಚಟ."

ಹೇಳಿಬಿಡಬಹುದಿತ್ತು. ಅಕ್ಕಾ, ನೀನು ಕೆಟ್ಟಿಲ್ಲ, ನೀನು ಅರ್ಧಕ್ಕರ್ಧ ಇಳಿದುಬಿಟ್ಟಿದೀಯ ಎನ್ನಬಹುದಿತ್ತು. ಮಾತು ತುದಿನಾಲಗೆಗೆ ಬಂದಿತ್ತು. ಆದರೆ ಹೇಳಿದರೆ ಅಕ್ಕ ನಾಳೆಯೇ ಬೇರೆ ಅಂಗಡಿ ಹುಡುಕುತ್ತಾಳೆ, ಇಷ್ಟು ತಿಂಗಳ ಕೆಲಸ ನೀರುಪಾಲು. ಇನ್ನು ಎರಡೇ ಪೊಟ್ಟಣ. ಬರೀ ಹಿಟ್ಟಿಗೆ ಬಂದ ದಿನ ಎದುರು ಕೂರಿಸಿಕೊಂಡು ಎಲ್ಲ ಹೇಳುತ್ತೇನೆ, ಇಬ್ಬರೂ ನಗುತ್ತೇವೆ.

"ಡಾಕ್ಟರ ಹತ್ರ ಹೋಗೋಣ," ಅಂದಳು.

"ಮುಂದಿನ ತಿಂಗಳು," ಅಂದಳು ಅಕ್ಕ. "ಈ ತಿಂಗಳು ಕೋರ್ಟಲ್ಲಿ ಕೆಲಸ ಜಾಸ್ತಿ."

ಐದು, ಆರು ಆದಾಗ ಅಕ್ಕ ಪೊಟ್ಟಣವನ್ನೇ ದೊಡ್ಡದು ಮಾಡಿದ್ದಳು; ದಿನಕ್ಕೆ ಎಂಟಾದ ಮೇಲೆ ಅದೂ ಹದಿನೈದು ದಿನ ಬಾಳುವುದಿಲ್ಲ ಎನ್ನುವುದು ಗುಣಾಕಾರ ಮಾಡಿದವಳಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅವಳು ಬಲ ಅಳೆದಳು, ಬಣ್ಣ ಅಳೆದಳು; ಶನಿವಾರ ಶನಿವಾರವೇ ಎಂದು ನಂಬಿಕೊಂಡಿದ್ದಳು. ಆ ಬುಧವಾರ ಒಬ್ಬ ಹಾಡುಗಾರನ ಕಟ್ಟುಹಲ್ಲು ಒಡೆದು ಬಂದಿತ್ತು, ಮಾರನೇ ದಿನ ಅವನಿಗೆ ವೇದಿಕೆ. "ಕೂತ್ಕೋ ತಾಯಿ, ಇಲ್ಲಾಂದ್ರೆ ಆ ಮನುಷ್ಯ ಬರೀ ಗಾಳಿ ಹಾಡ್ತಾನೆ," ಎಂದು ಮೇಸ್ತ್ರಿ ಕೈಮುಗಿದ. ಹಲ್ಲು ಕೂರಿಸಿ ಹೊಳಪು ಕೊಡುವಾಗ ಗಂಟೆ ಹತ್ತಾಯಿತು. ಅವಳು ಬಸ್ಸು ತಪ್ಪಿ ನಡೆದು ಬಂದಳು.

ಅಕ್ಕನ ಕೋಣೆಯ ದೀಪ ಉರಿಯುತ್ತಿತ್ತು. ಅಕ್ಕ ಬೇಗ ಮಲಗಿದ್ದಳು. ಮೇಜಿನ ಮೇಲೆ ಹೊಸ ಪೊಟ್ಟಣ, ಬಿಚ್ಚಿದ್ದು. ಪಕ್ಕದಲ್ಲಿ ಖಾಲಿ ಪಿಂಗಾಣಿ ತಟ್ಟೆ.

ತಂಗಿ ಪೊಟ್ಟಣದೊಳಗೆ ನೋಡಿದಳು. ಅಂಗಡಿಯಿಂದ ನೇರ ಬಂದದ್ದು; ಅವಳ ಕೈಯಲ್ಲಿ ಆದದ್ದು ಒಂದೂ ಇರಲಿಲ್ಲ.

"ಅಕ್ಕಾ," ಅಂದಳು. ಭುಜ ಅಲುಗಿಸಿದಳು. ಗೊರಕೆ ಬರುತ್ತಿತ್ತು, ಬಂದು ನಿಲ್ಲುತ್ತಿತ್ತು, ತುಂಬ ಹೊತ್ತು ನಿಂತು ಮತ್ತೆ ಬರುತ್ತಿತ್ತು. ತುಟಿಯ ಬಣ್ಣ ಬೇರೆಯಾಗಿತ್ತು. ಯಾವ ಬಣ್ಣ ಎಂದು ಅವಳ ಕಣ್ಣು ತಾನಾಗಿಯೇ ಹೊಂದಿಸಿತು: ಸತ್ತ ಹಲ್ಲಿನ ಬೂದು. ಕೆನ್ನೆಗೆ ಬಾರಿಸಿದಳು. ಅಕ್ಕನಿಗೆ ಜನ್ಮದಲ್ಲಿ ಮೊದಲ ಸಲ ಕೈ ಮಾಡಿದ್ದು. ಏನೂ ಆಗಲಿಲ್ಲ.

ಆಮೇಲಿನದ್ದು ಅವಳಿಗೆ ತುಂಡುತುಂಡಾಗಿ ನೆನಪಿದೆ. ಪಕ್ಕದ ಮನೆಯವರ ಬಾಗಿಲು ಬಡಿದದ್ದು. ಆಂಬುಲೆನ್ಸಿನವನು ಮೂರನೇ ಮಹಡಿ ಎಂದು ಕೇಳಿ ನಿಟ್ಟುಸಿರುಬಿಟ್ಟದ್ದು. ಇಳಿಯುವಾಗ ಅಕ್ಕನ ಒಂದು ಕಾಲು ಕಂಬಳಿಯಿಂದ ಹೊರಗೆ ಬಂದಿತ್ತು, ಯಾರೋ ಅದನ್ನು ಒಳಗೆ ಸೇರಿಸಿದರು. ಆಸ್ಪತ್ರೆಯ ಬೆಂಚು ತಣ್ಣಗಿತ್ತು. ಅಳು ಬರುತ್ತದೆಂದು ಕಾದಳು, ಬರಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ಹೇಗಿರುತ್ತದೋ ಹಾಗಿತ್ತು ಎದೆ. ಮುಟ್ಟಿದರೆ ತಿಳಿಯುತ್ತದೆ, ತನ್ನದು ಅನ್ನಿಸುವುದಿಲ್ಲ.

ಎರಡು ದಿನ ಯಂತ್ರದ ಉಸಿರು. ಮೂರನೇ ದಿನ ಅಕ್ಕ ಕಣ್ಣು ಬಿಟ್ಟಳು.

ನೋಡಿಕೊಳ್ಳುತ್ತಿದ್ದದ್ದು ಅದೇ ಡಾಕ್ಟರಮ್ಮ. "ಎಷ್ಟು ತಗೊಂಡ್ರಿ?" ಎಂದು ಕೇಳಿದರು.

"ಎಂಟು. ದಿನಾ ತಗೊಳ್ಳೋದೇ," ಎಂದಳು ಅಕ್ಕ, ಒಡೆದ ಗಂಟಲಲ್ಲಿ. ಆಮೇಲೆ ತಂಗಿಯ ಕಡೆ ನೋಡಿ, "ಇಲ್ಲ, ಲೆಕ್ಕ ತಪ್ಪಿರಬೇಕು. ಜಾಸ್ತಿ ಆಗಿರಬೇಕು. ನಂಗೆ ನೆನಪಿಲ್ಲ," ಅಂದಳು.

"ಬೇಕು ಅಂತ ತಗೊಂಡ್ರಾ?"

"ಥೂ, ಬಿಡ್ತು ಅನ್ನಿ. ಇವಳನ್ನ ಯಾರ ಕೈಗೆ ಕೊಟ್ಟು ಸಾಯಲಿ?"

ಡಾಕ್ಟರಮ್ಮ ತಂಗಿಯನ್ನು ಕಾರಿಡಾರಿಗೆ ಕರೆದರು. "ದಿನಾ ಎಂಟು ತಗೊಳ್ಳೋರು ಎಂಟಕ್ಕೆ ಹೀಗೆ ಮುಳುಗಲ್ಲ. ಹೋಗಲಿ, ಲೆಕ್ಕ ತಪ್ಪಿತು ಅಂತಿಟ್ಕೊಳ್ಳೋಣ. ಆದ್ರೆ ಈಗ ನಿಲ್ಲಿಸಿ ಮೂರು ದಿನ ಆಯ್ತು. ನಡುಕ ಬರಬೇಕಿತ್ತು, ಬೆವರಬೇಕಿತ್ತು. ನಾನು ರಾತ್ರಿಯೆಲ್ಲ ನರ್ಸನ್ನ ಪಕ್ಕದಲ್ಲಿ ಕೂರಿಸಿದೀನಿ. ಬೆರಳು ಸ್ವಲ್ಪ ಅದುರತ್ತೆ, ಅಷ್ಟೇ. ಮೈ ಅದನ್ನ ಆಗಲೇ ಮರೆತ ಹಾಗಿದೆ." ಅವರು ತಂಗಿಯ ಮುಖ ನೋಡಿದರು. "ನೀವು ಒಂದ್ಸಲ ನನ್ನ ಹತ್ರ ಏನೋ ಕೇಳಿದ್ರಿ."

"ಕೇಳಿದ್ದೆ," ಅಂದಳು ತಂಗಿ. "ನೀವು ಬೇಡ ಅಂದ್ರಿ."

ಎರಡೂ ನಿಜವಾದ ಮಾತುಗಳು. ಒಳಗಿಂದ ಯಾರೋ ಡಾಕ್ಟರಮ್ಮನನ್ನು ಕರೆದರು.

ಹತ್ತನೇ ದಿನ ಅಕ್ಕ ಮನೆಗೆ ಬಂದಳು. ಮಾತ್ರೆ ಇಲ್ಲದೆ ನಿದ್ದೆ ಅಷ್ಟಿಷ್ಟು ಬರುತ್ತಿತ್ತು. ನಡುರಾತ್ರಿ ಎದ್ದು ಅಡುಗೆಮನೆಯಲ್ಲಿ ನೀರು ಕುಡಿದು ಮತ್ತೆ ಮಲಗುತ್ತಿದ್ದಳು. ಹಗಲಲ್ಲಿ ಕಣ್ಣು ಕೆಂಪಗಿದ್ದರೂ ಅವಳು ಕಿಟಕಿ ಪರದೆ ಒಗೆದಳು, ತಂಗಿಯ ಬಟ್ಟೆಯ ಗುಂಡಿ ಹೊಲಿದಳು. ನೋಡಲು ಬಂದವರಿಗೆಲ್ಲ ಒಂದೇ ಕತೆ. ಸಾವಿನ ಮನೆ ಹೊಸ್ತಿಲು ಮುಟ್ಟಿ ಬಂದೆ, ಕಣ್ಣು ಬಿಟ್ಟೆ, ಅವತ್ತೇ ಬಿಟ್ಟೆ. ಎಂಟು ಮಾತ್ರೆ! ಡಾಕ್ಟರೇ ಮೂಗಿನ ಮೇಲೆ ಬೆರಳಿಟ್ಟರು. ಹೇಳುವಾಗ ಅವಳ ಬೆನ್ನು ನೆಟ್ಟಗಾಗುತ್ತಿತ್ತು. ಬಿದ್ದು ಸೊಂಟ ಮುರಿದುಕೊಂಡ ಮೇಲೆ ತಂಗಿ ಆ ಬೆನ್ನನ್ನು ಹಾಗೆ ನೋಡಿರಲಿಲ್ಲ.

ಹೆಡ್ ಕ್ಲರ್ಕ್ ಹಣ್ಣು ಹಿಡಿದುಕೊಂಡು ಬಂದ. ಕೆಲಸಕ್ಕೆ ಯಾವಾಗ ಬರುತ್ತೀರಿ, ನ್ಯಾಯಾಧೀಶರು ವಿಚಾರಿಸಿದರು ಅಂದ. ಚಹಾ ಅರ್ಧ ಕುಡಿದು ದನಿ ತಗ್ಗಿಸಿ, "ನಮ್ಮಮ್ಮನೂ ಅದನ್ನೇ ನುಂಗ್ತಾಳೆ ಮೇಡಂ, ಐದು ವರ್ಷ ಆಯ್ತು," ಎಂದ.

"ಯೋಚನೆ ಏನು ಬಂತು ಅದರಲ್ಲಿ," ಎಂದಳು ಅಕ್ಕ. "ಇವತ್ತು ರಾತ್ರೀನೇ ಡಬ್ಬಿ ಎತ್ತಿ ಮೋರಿಗೆ ಸುರೀರಿ. ಎರಡು ದಿನ ಕೂಗಾಡ್ತಾರೆ, ಕೂಗಾಡಲಿ. ನನ್ನ ನೋಡಿ. ಮನಸ್ಸು ಗಟ್ಟಿ ಮಾಡಿದ್ರೆ ಅದೇನು ಮಹಾ."

ಅವನು ಹೊರಟಾಗ ತಂಗಿ ಚಪ್ಪಲಿ ಹಾಕಿಕೊಳ್ಳದೆ ಮೆಟ್ಟಿಲವರೆಗೂ ಹಿಂದೆಯೇ ಹೋದಳು.

"ಸುರೀಬೇಡಿ," ಅಂದಳು. "ತಟ್ಟನೆ ನಿಲ್ಲಿಸಿದ್ರೆ ಫಿಟ್ಸ್ ಬರತ್ತೆ. ಪ್ರಾಣ ಹೋಗಬಹುದು. ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಸರ್ಕಾರಿ ಆಸ್ಪತ್ರೆ ಡಾಕ್ಟರಮ್ಮ ಒಳ್ಳೆಯೋರು. ನಿಧಾನಕ್ಕೆ ಇಳಿಸ್ತಾರೆ."

"ಮತ್ತೆ ನಿಮ್ಮಕ್ಕ ಒಂದೇ ದಿನಕ್ಕೆ ಬಿಟ್ರಲ್ಲ?"

"ಅವಳದು ಬೇರೆ."

"ಬೇರೆ ಅಂದ್ರೆ?"

ತಂಗಿ ಮೆಟ್ಟಿಲ ಪಕ್ಕದ ಕಟಕಟೆಯ ಕಬ್ಬಿಣ ಹಿಡಿದುಕೊಂಡಳು. ಕೆಳಗಿನ ಮನೆಯಲ್ಲಿ ಯಾರೋ ಟೀವಿ ಹಾಕಿದ್ದರು. ಇವನ ಮುಖ ಒಳ್ಳೆಯ ಮುಖ. ಕೇಳಿದರೆ ಕೇಳಿಸಿಕೊಳ್ಳುವವನು.

"ಅವಳ ಮೈ ಗಟ್ಟಿ," ಅಂದಳು. "ಎಲ್ಲರಿಗೂ ಹಾಗಾಗಲ್ಲ. ಡಾಕ್ಟರನ್ನ ಕೇಳ್ತೀನಿ ಅಂತ ಮಾತು ಕೊಡಿ."

"ನಾಳೇನೇ ಹೋಗ್ತೀನಿ," ಎಂದ ಅವನು, ಹೆದರಿದವನಂತೆ. ಅವನ ಹೆಜ್ಜೆಗಳು ಕೆಳಗಿಳಿದು ಬೀದಿ ಸೇರಿದವು.

ತಂಗಿ ಅಲ್ಲೇ ನಿಂತಳು. ಬರಿಗಾಲಿಗೆ ಸಿಮೆಂಟು ತಣ್ಣಗೆ ಹತ್ತುತ್ತಿತ್ತು. ಹೇಳಿದರೆ ಅಕ್ಕ ಬಿಟ್ಟದ್ದು ಅಕ್ಕನದಾಗಿ ಉಳಿಯುವುದಿಲ್ಲ. ಅವಳು ನುಂಗಿದ್ದು ಹಿಟ್ಟು, ಅವಳ ಬೆನ್ನು ನೆಟ್ಟಗಾದದ್ದು ಹಿಟ್ಟಿಗೆ. ಎಂಟು ಎಂದು ಹೇಳಿ ತಲೆ ತಗ್ಗಿಸಿ ಕೂತ ಆ ಭಾನುವಾರದ ಅವಮಾನವೂ ತಾನು ನೋಡುತ್ತ ಕೂತು ಕೊಟ್ಟದ್ದು. ಆ ರಾತ್ರಿ ಲೆಕ್ಕ ತಪ್ಪಿದವಳು ಅಕ್ಕನಲ್ಲ. ಇದನ್ನೆಲ್ಲ ಅಕ್ಕನ ಸಲುವಾಗಿ ಮುಚ್ಚಿಡುತ್ತಿದ್ದೇನೆಯೋ, ತನ್ನ ಸಲುವಾಗಿಯೋ ಎಂದು ಕೇಳಿಕೊಂಡಳು.

"ಎಲ್ಲಿ ಸತ್ತೇ, ಇಲಿಮರಿ? ಬಾಗಿಲು ಹಾಕು, ಗಾಳಿ ಬರ್ತಿದೆ," ಎಂದು ಒಳಗಿಂದ ಅಕ್ಕನ ದನಿ, ಜೋರಾಗಿ, ಕೋಪದಲ್ಲಿ.

"ಬಂದೆ," ಎಂದಳು ತಂಗಿ. ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿದಳು. ಡಾಕ್ಟರಮ್ಮನಿಗೂ ಇಲ್ಲ, ಮೇಸ್ತ್ರಿಗೂ ಇಲ್ಲ, ಅಕ್ಕನಿಗಂತೂ ಇಲ್ಲ. ಒಳಗೆ ಬಂದು ಬಾಗಿಲು ಹಾಕಿದಳು.